ಬೀಗ ಒಡೆದು ಬಂದ ನೆಂಟ

ದಾವಣಗೆರೆಯ ಒಂದು ದಿನಪತ್ರಿಕೆಗೆ ಪದಬಂಧ ಹೆಣೆಯುವುದೇ ವಾರಿಜಮ್ಮನವರ ಉದ್ಯೋಗ. ಅದರಲ್ಲೇ ಅವರ ತಲೆ ನರೆತಿತ್ತು. ಪತ್ರಿಕೆಯ ಮಾಲೀಕ ಚನ್ನವೀರಪ್ಪನವರಿಗೋ ಕ್ಲಬ್ಬಿನಲ್ಲಿ ಜಾಣ ಅನ್ನಿಸಿಕೊಳ್ಳುವ ಚಪಲ.

"ನಾಳೆಯ ಪದಬಂಧದ ಉತ್ತರ ಇವತ್ತೇ ನನ್ನ ಮೇಜಿಗೆ ಬರಬೇಕು. ಆಗಲ್ಲ ಅಂದ್ರೆ ಪದಬಂಧವೇ ನಿಂತುಹೋಗುತ್ತೆ," ಎಂದರು.

ವಾರಿಜಮ್ಮ ಒಲ್ಲದ ಮನಸ್ಸಿನಿಂದ ಕಳಿಸತೊಡಗಿದರು. ಮಾಲೀಕರು ಮರುದಿನ ಕ್ಲಬ್ಬಿನಲ್ಲಿ ಸುಳಿವುಗಳತ್ತ ಕಣ್ಣೂ ಹಾಯಿಸದೆ, ಕಾಫಿ ಆರುವುದರೊಳಗೆ ಚೌಕಗಳನ್ನೆಲ್ಲ ತುಂಬಿ ಮೀಸೆ ತಿರುವುತ್ತಿದ್ದರು.

ಒಂದು ದಿನ ಉತ್ತರ ಕಳಿಸಿದ ಮೇಲೆ ವಾರಿಜಮ್ಮ ಪದಬಂಧದ ಒಂದು ಮೂಲೆಯನ್ನು ಬದಲಿಸಿದರು. 'ಹೇಳದೆ ಬರುವವನು' ಎಂಬ ಸುಳಿವು 'ಬೀಗ ಒಡೆದು ಬರುವವನು' ಎಂದಾಯಿತು. ಊರೆಲ್ಲ 'ಕಳ್ಳ' ಎಂದು ಬರೆಯಿತು. ಮಾಲೀಕರು ಮಾತ್ರ 'ನೆಂಟ' ಎಂದು ಬರೆದರು.

"ನಿಮ್ಮನೆಗೆ ನೆಂಟರು ಬೀಗ ಒಡ್ಕೊಂಡು ಬರ್ತಾರೇನ್ರೀ?" ಎಂದು ಪಕ್ಕದ ಕುರ್ಚಿಯ ವಕೀಲರು ಕೇಳಿದರು. ಕ್ಲಬ್ಬೆಲ್ಲ ನಕ್ಕಿತು.

ಮರುದಿನ ಮಾಲೀಕರು ಕೆಂಡವಾಗಿ ಬಂದರು. "ನೀವು ತಪ್ಪು ಉತ್ತರ ಕೊಟ್ರಿ."

"ಹೌದು ಸಾರ್," ಎಂದರು ವಾರಿಜಮ್ಮ. "ಕ್ಲಬ್ಬಿಗೇ ಬಂದು, ಉತ್ತರ ಕೊಟ್ಟವಳು ನಾನು, ನಿಮ್ಮದೇನೂ ತಪ್ಪಿಲ್ಲ ಅಂತ ಎಲ್ಲರೆದುರು ಹೇಳ್ತೀನಿ. ಎಷ್ಟು ಗಂಟೆಗೆ ಬರ್ಲಿ?"

"ಬೇಡ ಬಿಡಿ," ಎಂದು ಮಾಲೀಕರು ಹೊರಟುಹೋದರು.

ಆಮೇಲೆ ಕ್ಲಬ್ಬಿನಲ್ಲಿ ಅವರು ಪದಬಂಧ ಬಿಟ್ಟು ಇಸ್ಪೀಟು ಹಿಡಿದರಂತೆ.