ಮಾಳಪ್ಪ ಎರಡೂ ಕಡೆ ಸರಿದೂಗಿಸಿದ್ದು

ಕುಂಡ್ರಿ, ಕುಂಡ್ರಿ. ಫಕೀರವ್ವನ ಮಗ ಮಾಳಪ್ಪನ ಸುದ್ದಿ ಹೇಳ್ತೀನಿ. ನಗೋದಾದ್ರ ಆಮ್ಯಾಲೆ ನಗ್ರಿ.

ಫಕೀರವ್ವ ಸುಣ್ಣದ ಭಟ್ಟಿಯಾಕಿ. ಕಲ್ಲು ಸುಟ್ಟು ಸುಣ್ಣ ಮಾಡಿ ಮಾಡಿ ಕೆಮ್ಮು ಹತ್ತಿತ್ತು. ಮಗ ಮಾಳಪ್ಪ ಹತ್ತನೇ ಕ್ಲಾಸಿನ ವಿಜ್ಞಾನದಾಗ ಎರಡು ಸಲ ಫೇಲು. ಹೇಳಿದ್ದನ್ನ ಹೇಳಿದಂಗ ಮಾಡೋ ಪೈಕಿ! "ಈ ಧೂಳು ನನಗ ಸಾಕ್ರಿ, ನನ್ನ ಮಗಗ ಬ್ಯಾಡ. ಇದೊಂದು ಪಾಸಾದ್ರ ಬಾಗಲಕೋಟ್ಯಾಗ ಐಟಿಐ ಸೇರತಾನ" ಅಂತ ಜಾಲಿಹಾಳ ಮಾಸ್ತರ ಕಾಲು ಹಿಡಕೊಂಡ್ಲು.

ಮಾಸ್ತರು ಹಲಗಿ ಮ್ಯಾಲೆ ಬರದ್ರು. "ನೋಡೋ, ಹೈಡ್ರೋಜನ್ನು ಆಕ್ಸಿಜನ್ನು ಕೂಡಿ ನೀರು. ಬಾಣದ ಎಡಕ್ಕ ಎಷ್ಟು ಪರಮಾಣು ಅದಾವೋ ಬಲಕ್ಕೂ ಅಷ್ಟ ಇರಬೇಕು. ಕಮ್ಮಿ ಬಿದ್ದರ ಅಂಕಿ ಹಾಕಿ ಸರಿದೂಗಿಸು!"

"ಆತ್ರಿ ಸರ!"

ಮಾಳಪ್ಪ ಎಣಿಸಿದ. ಆಕ್ಸಿಜನ್ ಎಡಕ್ಕ ಎರಡು, ಬಲಕ್ಕ ಒಂದು. ನೀರಿನ ಎಚ್ ಟೂ ಓ ಐತಲ್ಲ, ಆ ಓ ಕೆಳಗೂ ಎರಡರ ಅಂಕಿ ಗೀಚಿದ.

"ಅಯ್ಯ ನಿನ್ನ! ಇದು ನೀರಲ್ಲೋ, ಗಾಯ ತೊಳಿಯೋ ಔಷಧ ಆತು! ಕುಡದ್ರ ಕರಳು ಸುಡತೈತಿ! ಕೆಳಗ ಮುಟ್ಟಬ್ಯಾಡ. ಏನ ಹಾಕಿದರೂ ಮುಂದ ಹಾಕು!"

"ಆತ್ರಿ ಸರ!"

ಮನಿಗೆ ಬಂದ. "ಭಟ್ಟಿ ಕೆಳಗ ಉರಿ ಆರಾಕ ಹತ್ತೇತಿ, ಎರಡು ಬುಟ್ಟಿ ಇದ್ದಲಿ ಹಾಕೋ" ಅಂದ್ಲು ಫಕೀರವ್ವ. ಇವ ಕೆಳಗ ಮುಟ್ಟಲೇ ಇಲ್ಲ! ಎರಡೂ ಬುಟ್ಟಿ ಭಟ್ಟಿ ಮುಂದ ಸುರುವಿ ಕೈಕಟ್ಟಿ ನಿಂತ. ಉರಿ ಆರಿ ತಣ್ಣಗಾತು.

"ಎಲ್ಲಿ ಹುಟ್ಟಿದ್ಯೋ ನನ್ನ ಹೊಟ್ಟ್ಯಾಗ! ಒಳಗ ಎಷ್ಟು ಹೋತು, ಹೊರಗ ಎಷ್ಟು ಬಂತು, ಅಷ್ಟರ ಮ್ಯಾಲೆ ಕಣ್ಣಿಡು! ಬ್ಯಾರೆ ಏನೂ ಮಾಡಬ್ಯಾಡ!"

"ಆತವ್ವಾ!"

ಮತ್ತ ಭಟ್ಟಿ ಹಚ್ಚಿದ್ರು. ಮಾಳಪ್ಪ ಕಲ್ಲು ತೂಗೇ ಒಳಗ ಬಿಟ್ಟ, ನೂರು ಕಿಲೋ. ಸುಟ್ಟು ಬಂದ ಸುಣ್ಣ ತೂಗಿದ, ಐವತ್ತಾರು! ಎದಿ ಎದಿ ಬಡಕೊಂಡ. ಸುಣ್ಣ ಒಯ್ಯಾಕ ಬಂದ ಹೆಣ್ಮಕ್ಕಳ ಬುಟ್ಟಿ ಜಪ್ತಿ ಮಾಡಿದ, ನಾಯಿ ಬಾಯಿ ಅಗಲಿಸಿ ನೋಡಿದ, ಕಡೀಕ ಮಾಸ್ತರ ಮನಿಗೆ ಓಡಿದ.

"ಸರ, ಕಳುವಾತ್ರಿ! ಎಡಕ್ಕ ನೂರು, ಬಲಕ್ಕ ಐವತ್ತಾರು! ನಲವತ್ನಾಕು ಕಿಲೋ ಯಾರು ನುಂಗಿದ್ರು?"

ಮಾಸ್ತರು ಚಾದ ಕಪ್ಪು ಕೆಳಗಿಟ್ರು. "ಮೂವತ್ತು ವರ್ಷದಾಗ ಒಬ್ಬನೂ ಇದನ್ನ ಕೇಳಿರಲಿಲ್ಲೋ ಮಾಳ್ಯಾ! ಕಳುವಾಗಿಲ್ಲ. ಕಾರ್ಬನ್ ಡೈಆಕ್ಸೈಡ್ ಅನ್ನೋ ಗಾಳಿಯಾಗಿ ಮ್ಯಾಲೆ ಹಾರೇತಿ. ಅದನ್ನೂ ಬಲಕ್ಕ ಬರಿ!"

ಬರದ. ಎಣಿಸಿದ. ಎರಡೂ ಕಡೆ ಸರಿ! ಮೊದಲಿನ ನೀರಿನ ಲೆಕ್ಕಾನೂ ಮತ್ತ ಮಾಡಿದ. ಹೈಡ್ರೋಜನ್ ಮುಂದ ಎರಡು, ನೀರಿನ ಮುಂದ ಎರಡು, ಅದೂ ಸರಿ! ಆ ಖುಷಿ ಏನು ಕೇಳ್ತೀರಿ, ಮಾಸ್ತರೂ ಕುಣಿದ್ರು.

"ಇಷ್ಟ ನೆನಪಿಡು. ಎಡಕ್ಕ ಇದ್ದದ್ದೆಲ್ಲಾ ಬಲಕ್ಕ ಬಂದಿರಬೇಕು. ಒಂದು ಬಿಟ್ಟರೂ ತಪ್ಪು!"

"ಆತ್ರಿ ಸರ!"

ಮಾಳಪ್ಪ ಪಾಸಾದ! ಫಕೀರವ್ವ ಓಣಿಗೆಲ್ಲಾ ಸಕ್ಕರಿ ಹಂಚಿದ್ಲು. ಮಗ ಬಾಗಲಕೋಟಿಗೆ ಹೋಗೋ ದಿನ ಬಸ್ಸಿನ ತನಕ ಬಂದು, "ಚಂದಂಗ ಓದಪಾ, ನಾನು ಹೆಂಗರ ಇರತೀನಿ" ಅಂತ ಸೆರಗಿಲೆ ಕಣ್ಣು ಒರಸಿಕೊಂಡ್ಲು.

ಮಾಳಪ್ಪ ಎಣಿಸಿದ. ಎಡಕ್ಕ ನಮ್ಮೂರು, ಬಲಕ್ಕ ಬಾಗಲಕೋಟಿ. ಅವ್ವನ್ನ ಎತ್ತಿ ಬಸ್ಸಿನಾಗ ಕೂಡ್ರಿಸಿದ!

"ಏ ಮೂಳಾ, ಇಳಸೋ!"

"ಬಿಟ್ಟರ ತಪ್ಪಾಗತೈತವ್ವಾ!"

ಓಡಿ ಹೋದ, ಆಡು ತಂದ. ಓಡಿ ಹೋದ, ಕೋಳಿ ತಂದ. ಓಡಿ ಹೋದ, ರೊಟ್ಟಿ ಹಂಚು, ಕಟ್ಟಿ ಮ್ಯಾಲಿನ ಕೌದಿ ಗಂಟು, ಎಲ್ಲಾ ಹೊತ್ತು ತಂದ.

"ಇನ್ನೇನರ ಉಳದೈತೇನಪಾ?" ಅಂದ ಕಂಡಕ್ಟರ್.

"ಭಟ್ಟಿ ಹೊಗಿ ಒಂದು ಉಳೀತ್ರಿ. ಅದು ಮ್ಯಾಲೆ ಹಾರೇತಿ."

ಬಸ್ಸು ಬಿಟ್ಟಿತು. ಫಕೀರವ್ವ ಬೈದ್ಲು, ಬೈಕೋತ ಬೈಕೋತ ನಕ್ಕಳು. "ಹೋಗ್ಲಿ ಬಿಡು. ಅಲ್ಲೇ ರೊಟ್ಟಿ ಬಡದು ಮಾರತೀನಿ. ಈ ಧೂಳರ ತಪ್ಪೀತು."

ಅಷ್ಟರಾಗ ಕೌದಿ ಗಂಟು ಅಲುಗಾಡಿತು. ಒಳಗಿಂದ ಮಗ್ಗಲ ಮನಿ ಮುತ್ಯಾ ತಲಿ ಹೊರಗ ಹಾಕಿದ. ಪಾಪ, ಇವರ ಕಟ್ಟಿ ಮ್ಯಾಲೆ ಅದೇ ಕೌದಿ ಹೊದ್ದು ಮಲಗಿತ್ತು ಜೀವ!

"ಯಾಕಲೇ ಮಾಳ್ಯಾ," ಅಂದ ಮುತ್ಯಾ, "ನಿಮ್ಮ ಕಟ್ಟಿ ಯಾಕ ಇವತ್ತ ಇಷ್ಟು ಕುಣಿಯಾಕ ಹತ್ತೇತಿ?"