ಬೀಸದ ಗುಡ್ಡ

ಹೊನ್ನಾವರ ದಾಟಿ ಭಟ್ಕಳದ ಕಡೆ ಹೋಗುವಾಗ, ಹೆದ್ದಾರಿಯಿಂದ ಪಡುವಣಕ್ಕೆ ಒಂದು ಕಿರಿದಾದ ರಸ್ತೆ ಇಳಿಯುತ್ತದೆ. ಅದು ಕೊನೆಯಾಗುವಲ್ಲಿ ಬೇಲೆಕೋಡಿ ಎಂಬ ಚಿಕ್ಕ ಮೀನುಗಾರರ ಊರಿದೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಇಲ್ಲಿಗೆ ಹೊರಗಿನ ಜನ ಬರತೊಡಗುತ್ತಾರೆ. ಅವರು ಬರುವುದು ಡಾಲ್ಫಿನ್‌ಗಳನ್ನು ನೋಡಲು; ಅದೃಷ್ಟವಿದ್ದವರಿಗೆ ತಿಮಿಂಗಿಲವೂ ಕಾಣುತ್ತದೆ. ದೋಣಿಯಲ್ಲಿ ಹೋಗುವುದಕ್ಕೆ ಮೊದಲು ಊರಿನವರು ಅವರನ್ನು ದಡದ ಪಕ್ಕದ ಗುಡ್ಡ ಹತ್ತಿಸುತ್ತಾರೆ. ಇದಕ್ಕೆ ಕಾರಣವಿದೆ. ದೋಣಿಯಲ್ಲಿ ಕುಳಿತವನಿಗೆ ನೀರಿನ ಮೇಲ್ಮೈ ಮಾತ್ರ ಕಾಣುತ್ತದೆ, ಅದೂ ಬಿಸಿಲಿಗೆ ಹೊಳೆದು ಕಣ್ಣು ಕುಕ್ಕುತ್ತದೆ. ಗುಡ್ಡದ ಮೇಲಿನಿಂದ ನೋಡಿದರೆ ನೀರಿನ ಒಳಗೂ ಕಾಣುತ್ತದೆ. ಬಂಗಡೆ ಮೀನಿನ ಹಿಂಡು ಕೊಲ್ಲಿಯೊಳಗೆ ಬಂದರೆ, ಮೋಡದ ನೆರಳು ಬಿದ್ದಂತೆ ನೀರು ಅಲ್ಲಿ ಕಪ್ಪಾಗುತ್ತದೆ. ಈ ಗುಡ್ಡದ ಹೆಸರು ಬೀಸದ ಗುಡ್ಡ. ಮೊದಲು ‘ಬಟ್ಟೆ ಬೀಸದ ಗುಡ್ಡ’ ಎನ್ನುತ್ತಿದ್ದರಂತೆ. ಕಾಲ ಹೋದಂತೆ ಮೊದಲ ಪದ ಬಿದ್ದುಹೋಗಿದೆ. ಈ ಹೆಸರಿನ ಹಿಂದಿನ ಕಥೆಯನ್ನು ನನಗೆ ಹೇಳಿದವರು ಆ ಊರಿನಲ್ಲಿ ಒಣಮೀನು ಮಾರುವ ಮಾಸ್ತಿಯಮ್ಮ ಎಂಬ ವೃದ್ಧೆ. ಅವರಿಗೆ ಅವರ ಅಜ್ಜಿ ಹೇಳಿದ್ದಂತೆ.

ಹಿಂದೆ ಒಮ್ಮೆ, ಕಡಲಿನಲ್ಲಿ ಯಂತ್ರದ ದೋಣಿಗಳು ಇಲ್ಲದಿದ್ದ ಕಾಲದಲ್ಲಿ, ಇಡೀ ಬೇಲೆಕೋಡಿಗೆ ಒಂದೇ ರಂಪಣಿ ಬಲೆ ಇತ್ತು ಎನ್ನುತ್ತಾರೆ. ರಂಪಣಿ ಎಂದರೆ ದಡದಿಂದ ಎಳೆಯುವ ಬಹಳ ಉದ್ದದ ಬಲೆ. ಅದನ್ನು ದೋಣಿಯಲ್ಲಿ ಒಯ್ದು ಮೀನಿನ ಹಿಂಡಿನ ಸುತ್ತ ಅರ್ಧಚಂದ್ರದಂತೆ ಬಿಡುತ್ತಾರೆ. ಅದರ ಎರಡು ತುದಿಗೂ ಹಗ್ಗ ಕಟ್ಟಿರುತ್ತದೆ. ಊರಿನ ಗಂಡಸರು, ಹೆಂಗಸರು ಎಲ್ಲರೂ ಮರಳಿನ ಮೇಲೆ ನಿಂತು ಆ ಎರಡು ಹಗ್ಗಗಳನ್ನು ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ದೋಣಿಯ ಮುಖ್ಯಸ್ಥನನ್ನು ತಾಂಡೇಲ ಎಂದು ಕರೆಯುತ್ತಾರೆ. ಆದರೆ ಹಿಂಡು ಎಲ್ಲಿದೆ ಎಂಬುದು ತಾಂಡೇಲನಿಗೆ ಕಾಣುವುದಿಲ್ಲ. ಅದಕ್ಕಾಗಿ ಗುಡ್ಡದ ಮೇಲೆ ಒಬ್ಬ ಕಾವಲುಗಾರ ಕೂರುತ್ತಿದ್ದ. ಅವನ ಕೈಯಲ್ಲಿ ಕೆಂಪು ಬಟ್ಟೆ. ಅವನು ಅದನ್ನು ಬೀಸಿದರೆ ದೋಣಿ ಹೊರಡಬೇಕು, ಬೀಸದಿದ್ದರೆ ಹೊರಡುವಂತಿಲ್ಲ. ಒಟ್ಟಿನಲ್ಲಿ ಊರಿನ ಊಟ ಆ ಒಬ್ಬನ ಕಣ್ಣಿನಲ್ಲಿತ್ತು.

ಆ ಕಾಲದ ಕಾವಲುಗಾರನ ಹೆಸರು ಬೊಮ್ಮ. ಅವನಿಗೆ ಮದುವೆಯಾಗಿರಲಿಲ್ಲ. ಅವನ ಒಬ್ಬಳೇ ಅಕ್ಕ ದುರ್ಗಿಯನ್ನು ತಾಂಡೇಲ ಮಂಕಾಳನಿಗೆ ಕೊಟ್ಟಿದ್ದರು. ಹಾಗಾಗಿ ಮಂಕಾಳ ಅವನಿಗೆ ಭಾವ. ಬೊಮ್ಮನ ದಿನವೆಲ್ಲ ಗುಡ್ಡದ ಮೇಲೆಯೇ ಕಳೆಯುತ್ತಿತ್ತು. ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಸಂಜೆ ಕೆಳಗಿಳಿದು ಬಂದಾಗ ಮಾತ್ರ ಅವನು ಜನರ ನಡುವೆ ಕೂರುತ್ತಿದ್ದ. ಆ ಸಂಜೆಗಳೆಂದರೆ ಅವನಿಗೆ ಬಹಳ ಇಷ್ಟವಾಗಿತ್ತಂತೆ.

ಒಂದು ವರ್ಷ ಮೀನು ಬಹಳ ತಡವಾಯಿತು. ಜನ ಗಂಜಿಗೆ ಉಪ್ಪು ಹಾಕಿಕೊಂಡು ಉಂಡು ದಿನ ದೂಡುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಕೊಲ್ಲಿಯ ಮೇಲೆ ಕಡಲಹಕ್ಕಿಗಳು ಮುತ್ತಿಕೊಂಡವು. ಹಕ್ಕಿ ಮುತ್ತಿದರೆ ಕೆಳಗೆ ಮೀನಿದೆ ಎಂದೇ ಅರ್ಥ. ಮಂಕಾಳ ಬಲೆ ಏರಿಸಿ, ದೋಣಿಯನ್ನು ನೀರಿಗೆ ತಳ್ಳಿ, ಗುಡ್ಡದ ಕಡೆ ನೋಡುತ್ತ ನಿಂತ. ಊರೆಲ್ಲ ಗುಡ್ಡದ ಕಡೆ ನೋಡಿತು. ಬೊಮ್ಮ ಎದ್ದು ನಿಂತಿದ್ದ. ಬಟ್ಟೆ ಅವನ ಕೈಯಲ್ಲಿತ್ತು. ಅವನು ಬೀಸಲಿಲ್ಲ. ನೋಡುನೋಡುತ್ತಿದ್ದಂತೆ ಹಕ್ಕಿಗಳು ತೆಂಕಣಕ್ಕೆ ಸರಿದವು, ಅವುಗಳ ಕೆಳಗಿನ ಮೀನೂ ಹೋಯಿತು.

“ಎಂಥ ಮಾರಾಯ, ಮೇಲೆ ಕೂತು ನಿದ್ದೆ ಹೊಡೆದ್ಯಾ?” ಎಂದು ಮಂಕಾಳ ಅವನು ಕೆಳಗಿಳಿಯುವ ಮೊದಲೇ ಕೂಗಿದ.

“ಇಲ್ಲ ಭಾವ. ಹಿಂಡಿನ ನಡುವೆ ದೊಡ್ಡಮೀನಿತ್ತು. ಪಕ್ಕದಲ್ಲಿ ಮರಿ ಇತ್ತು” ಎಂದ ಬೊಮ್ಮ.

ದೊಡ್ಡಮೀನು ಎಂದರೆ ತಿಮಿಂಗಿಲ. ಅದು ನಡುಗಡಲಿನ ಜೀವ, ಕೊಲ್ಲಿಯೊಳಗೆ ಬರುವುದಿಲ್ಲ ಎಂದು ಆಗಿನವರು ನಂಬಿದ್ದರು. ಅದು ಉಸಿರು ಬಿಟ್ಟಾಗ ಏಳುವ ನೀರಿನ ಹುಡಿ ದಡದಿಂದ ನೋಡುವವರಿಗೆ ಅಲೆ ಒಡೆದಂತೆಯೇ ಕಾಣುತ್ತದೆ. ಆದ್ದರಿಂದ ದಡದಲ್ಲಿದ್ದ ಯಾರೂ ಏನನ್ನೂ ಕಂಡಿರಲಿಲ್ಲ. “ಮರಿಗೆ ತೊಟ್ಟಿಲು ಕಟ್ಟಿದ್ರಾ?” ಎಂದು ಒಬ್ಬಳು ಹಗ್ಗದ ಸಾಲಿನಿಂದ ಕೇಳಿದಳು. ಹಸಿದವರೂ ನಕ್ಕರು. ಬೊಮ್ಮನೂ ನಗಲು ನೋಡಿದ. ಅಕ್ಕ ದುರ್ಗಿ ಮಾತ್ರ ನಗಲಿಲ್ಲ. ಆದರೆ ಗಂಡನ ಎದುರು ತಮ್ಮನ ಪರ ಮಾತನ್ನೂ ಆಡಲಿಲ್ಲ.

ಕೆಲವು ದಿನಗಳ ಮೇಲೆ ಹಕ್ಕಿಗಳು ಮತ್ತೆ ಬಂದವು. ಈ ಸಲ ಬೊಮ್ಮ ಗುಡ್ಡ ಹತ್ತುವ ಮೊದಲೇ ಮಂಕಾಳ ಅವನಿಗೆ ಹೇಳಿದ್ದ: “ನೋಡು, ನಿನ್ನ ಅಕ್ಕನ ಮುಖ ನೋಡಿ ಒಂದು ಸಲ ಬಿಟ್ಟೆ. ಇವತ್ತು ನೀ ಬೀಸದಿದ್ರೆ ನಾ ನಿನ್ನ ಭಾವ ಅಲ್ಲ, ನೀ ಈ ಬಲೆಯವನಲ್ಲ.” ಬೊಮ್ಮನಿಗೆ ಬೀಸುವುದು ಸುಲಭವಿತ್ತು. ಬೀಸಿದ್ದರೆ ಸಂಜೆ ಎಲ್ಲರ ನಡುವೆ ಕೂರಬಹುದಿತ್ತು. ಅವನು ಮೇಲೆ ಹೋಗಿ ಬಹಳ ಹೊತ್ತು ನೀರನ್ನೇ ನೋಡಿದನಂತೆ. ಆಮೇಲೆ ಬಟ್ಟೆಯನ್ನು ಮಡಚಿ ಕಲ್ಲಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಇನ್ನೊಂದು ಕಲ್ಲು ಹೇರಿ, ಕೆಳಗಿಳಿದು ಬಂದ.

ಊರು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಾತು ಬಿಟ್ಟಿತು, ಅಷ್ಟೇ. ಈರ ಎಂಬವನನ್ನು ಹೊಸ ಕಾವಲುಗಾರನಾಗಿ ಮಾಡಿದರು. ಮುಂದೆ ಒಳ್ಳೆಯ ಮೀನು ಬಂತು, ಈರ ಬಟ್ಟೆ ಬೀಸಿದ, ಬಲೆ ಬಿತ್ತು. ಎಲ್ಲರೂ ಹಗ್ಗ ಹಿಡಿದರು. ಬೊಮ್ಮನೂ ಬಂದು ಹಗ್ಗದ ಕೊನೆಯ ತುದಿಗೆ ಕೈ ಹಾಕಿದ. ಆಗ ಅವನ ಮುಂದಿದ್ದವಳು ಹಗ್ಗ ಬಿಟ್ಟಳು. ಅವಳ ಮುಂದಿದ್ದವನೂ ಬಿಟ್ಟ. ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಕೈ ಬಿಟ್ಟು, ಹಗ್ಗ ಸಡಿಲಾಗಿ ಮರಳಿನ ಮೇಲೆ ಬಿತ್ತು. ಬಲೆಯ ಒಂದು ಬದಿ ನೀರಿನಲ್ಲಿ ತೇಲತೊಡಗಿತು. ಹಾಗೇ ಬಿಟ್ಟಿದ್ದರೆ ಮೀನೆಲ್ಲ ತಪ್ಪಿಸಿಕೊಳ್ಳುತ್ತಿತ್ತು. ಬೊಮ್ಮ ಹಗ್ಗದಿಂದ ಕೈ ತೆಗೆದು ಹಿಂದೆ ಸರಿದ. ಆಗ ಎಲ್ಲರೂ ಬಗ್ಗಿ ಹಗ್ಗ ಎತ್ತಿಕೊಂಡರು.

ಆಮೇಲೆ ಅವನು ಕೋಡಿಯ ತುದಿಯಲ್ಲಿ, ಎಂದರೆ ಹೊಳೆ ಕಡಲಿಗೆ ಸೇರುವ ಮರಳುದಂಡೆಯಲ್ಲಿ, ಒಂದು ಸೋಗೆಯ ಗುಡಿಸಲು ಕಟ್ಟಿಕೊಂಡು ಇದ್ದ. ದುರ್ಗಿ ದಿನವೂ ಒಂದು ಚರಿಗೆಯಲ್ಲಿ ಗಂಜಿ ತಂದು, ಎಲೆ ಮುಚ್ಚಿ, ಮಾತಾಡಿಸದೆ ಇಟ್ಟು ಹೋಗುತ್ತಿದ್ದಳು. ಒಂದು ದಿನ ಹಿಂದಿನ ದಿನದ ಚರಿಗೆ ಹಾಗೆಯೇ ಇತ್ತು. ಗಂಜಿಯ ಮೇಲೆ ಮರಳು ಕೂತಿತ್ತು. ಬೊಮ್ಮ ಹೋಗಿದ್ದಾನೆ ಎಂದು ಊರಿಗೆ ತಿಳಿದದ್ದು ಹೀಗೆ. ಎಲ್ಲಿಗೆ ಎಂದು ತಿಳಿಯಲಿಲ್ಲ. ಹೇಳಿ ಹೋಗೋಣವೆಂದರೆ ಅವನೊಡನೆ ಮಾತಾಡುವವರು ಯಾರೂ ಉಳಿದಿರಲಿಲ್ಲ.

ಮರುವರ್ಷ ಮಳೆ ನಿಂತ ಮೇಲೆ ಹಕ್ಕಿಗಳು ಮತ್ತೆ ಕೊಲ್ಲಿಗೆ ಮುತ್ತಿದವು. ದೋಣಿ ಸಿದ್ಧವಾಯಿತು. ಈರ ಗುಡ್ಡದ ಮೇಲೆ ಎದ್ದು ನಿಂತ. ಬಟ್ಟೆ ಅವನ ಕೈಯಲ್ಲೇ ಇತ್ತು, ಅವನೂ ಬೀಸಲಿಲ್ಲ. ಮಂಕಾಳ ದೋಣಿಯಿಂದ ಹಾರಿ, ಒದ್ದೆ ಕಾಲಿನಲ್ಲೇ ಗುಡ್ಡ ಹತ್ತಿದ.

“ಯಾಕೆ ಬೀಸ್ಲಿಲ್ಲ?”

“ಮರಿ ಇದೆ” ಎಂದ ಈರ. “ನೀವೇ ನೋಡಿ.”

ಮಂಕಾಳ ನೋಡಿದ. ಕೆಳಗೆ ಬಂಗಡೆಯ ಕಪ್ಪು ನೆರಳಿತ್ತು. ಅದರ ನಡುವೆ ಅವನ ದೋಣಿಗಿಂತ ಉದ್ದವಾದ ಇನ್ನೊಂದು ನೆರಳು ನಿಧಾನವಾಗಿ ಸಾಗುತ್ತಿತ್ತು. ಅದಕ್ಕೆ ತಾಗಿಕೊಂಡು ಚಿಕ್ಕದೊಂದಿತ್ತು. ಬಲೆ ಬಿಟ್ಟಿದ್ದರೆ ಮರಿ ಒಳಗೆ ಸಿಕ್ಕಿ, ತಾಯಿ ಬಲೆಯನ್ನೂ ದೋಣಿಯನ್ನೂ ಒಡೆದು ಹಾಕುತ್ತಿತ್ತು ಎಂಬುದು ತಾಂಡೇಲನಿಗೆ ತಿಳಿಯದ್ದಲ್ಲ. “ಬೊಮ್ಮ ಇದನ್ನೇ ಎರಡು ಸಲ ಕಂಡ” ಎಂದಷ್ಟೇ ಹೇಳಿ ಅಲ್ಲಿಯೇ ಕೂತನಂತೆ.

ಮಂಕಾಳ ಕರಾವಳಿಯ ಉದ್ದಕ್ಕೂ ಹೇಳಿ ಕಳಿಸಿದ. ತೆಂಕಣದ ಬಂದರುಗಳಿಗೆ ತಾನೇ ಹೋಗಿ ಬಂದ. ಬೊಮ್ಮ ಸಿಗಲಿಲ್ಲ. ಕೊನೆಗೆ ಅವನು ಕೆಂಪು ಬಟ್ಟೆಯನ್ನು ಗುಡ್ಡಕ್ಕೆ ಒಯ್ದು, ಬೊಮ್ಮ ಇಟ್ಟಂತೆಯೇ ಮಡಚಿ, ಕಲ್ಲು ಹೇರಿ ಇಟ್ಟ. ಬೊಮ್ಮ ಬಂದರೆ ಅದು ಅವನದೇ ಎಂದ. ಅಂದಿನಿಂದ ಆ ಗುಡ್ಡದ ಮೇಲೆ ಯಾರೂ ಬಟ್ಟೆ ಬೀಸಿಲ್ಲ. ಕಾವಲನ್ನು ಬಡಗಣದ ಇನ್ನೊಂದು ದಿಣ್ಣೆಗೆ ಬದಲಾಯಿಸಿದರು ಎನ್ನುತ್ತಾರೆ.

ಈಗಲೂ ಗುಡ್ಡದ ನೆತ್ತಿಯಲ್ಲಿ ಎರಡು ಕಲ್ಲುಗಳ ನಡುವೆ ಮಡಚಿಟ್ಟ ಕೆಂಪು ಬಟ್ಟೆ ಕಾಣುತ್ತದೆ. ಮಳೆಗೆ ಹಳೆಯದು ಕೊಳೆಯುವುದರಿಂದ ಪ್ರತಿವರ್ಷ ಬಲೆ ಇಳಿಸುವ ಮೊದಲು ಹೊಸದನ್ನು ಇಡುತ್ತಾರೆ. ತಿಮಿಂಗಿಲ ಕಂಡ ಸಂತೋಷಕ್ಕೆ ಯಾರಾದರೂ ಶಾಲು ಬೀಸಲು ಹೋದರೆ ಜೊತೆಗಿರುವ ಊರಿನವರು ಮೆಲ್ಲಗೆ ಅವರ ಕೈ ಇಳಿಸುತ್ತಾರೆ. ಕೆಳಗೆ ದಡದಲ್ಲಿ ಇನ್ನೂ ಕೆಲವೊಮ್ಮೆ ಸಣ್ಣ ಕೈರಂಪಣಿ ಎಳೆಯುತ್ತಾರೆ, ಬಂದವರನ್ನೂ ಎಳೆಯಲು ಕರೆಯುತ್ತಾರೆ. ನಾನೂ ಹೋದೆ. ಸಾಲಿನ ಹಿಂದೆ, ಹಗ್ಗದ ಕೊನೆಯಲ್ಲಿ ಒಬ್ಬರು ಹಿಡಿಯುವಷ್ಟು ತುದಿ ಖಾಲಿ ಇತ್ತು. ನಾನು ಅದಕ್ಕೆ ಕೈ ಹಾಕಹೊರಟಾಗ ಮಾಸ್ತಿಯಮ್ಮ ಹಗ್ಗ ಎಳೆಯುತ್ತಲೇ ತಿರುಗಿ ನೋಡಿದರು.

“ಅದು ಬಿಡಿ” ಎಂದರು. “ಅದಕ್ಕೆ ಜನ ಇದೆ. ನೀವು ನನ್ನ ಮುಂದೆ ಬನ್ನಿ.”