ಮೊಣಕಾಲುದ್ದ ನೀರು

ಘಟಪ್ರಭೆಯ ದಂಡೆಯ ಮೇಲೆ ಜಿನದತ್ತ ಮಾಸ್ತರರು ಇದ್ದರು. ಮೂವತ್ತು ವರ್ಷ ಸೈನಿಕರಿಗೆ ನಕಾಶೆ ಓದುವುದನ್ನು ಕಲಿಸಿದವರು. ಮುಪ್ಪಿನಲ್ಲಿ ಕಂಪ್ಯೂಟರಿನ ಒಂದು ಯುದ್ಧದಾಟ ಅವರ ಕೈಗೆ ಬಂತು.

ಆ ಆಟದೊಳಗೆ ಒಂದು ಮ್ಯಾಪ್ ಎಡಿಟರ್ ಇತ್ತು. ಅದರಲ್ಲಿ ಬೇಕಾದಲ್ಲಿ ಗುಡ್ಡ ಎಬ್ಬಿಸಬಹುದು, ಹೊಳೆ ಹರಿಸಬಹುದು, ಸೇತುವೆ ಹಾಕಬಹುದು, ದಂಡು ನಿಲ್ಲಿಸಬಹುದು. ಆಟ ನಡೆಯುವುದು ಚದುರಂಗದ ಹಾಗೆ, ಮನೆಯಿಂದ ಮನೆಗೆ, ಸರದಿಯ ಮೇಲೆ. ಹಾಗೆ ಕಟ್ಟಿದ ರಣರಂಗಕ್ಕೆ ಸನ್ನಿವೇಶ ಎನ್ನುತ್ತಿದ್ದರು. ಸನ್ನಿವೇಶ ಕಟ್ಟುವುದನ್ನು ಕಲಿಯಲು ನಾಲ್ಕಾರು ಶಿಷ್ಯರು ಮಾಸ್ತರರ ಮನೆಯಲ್ಲಿ ಉಳಿದಿದ್ದರು.

ಅವರಲ್ಲಿ ಕೈ ಪಳಗಿದವಳು ದಾಕ್ಷಾಯಣಿ.

ಬಂದ ಹೊಸತರಲ್ಲಿ ಅವಳು ಒಂದು ಗುಡ್ಡ ಕಟ್ಟಿ ತೋರಿಸಿದ್ದಳು.

"ಇದನ್ನ ಹತ್ತಾಕ ದಂಡಿಗೆ ಎಷ್ಟು ಸರದಿ ಬೇಕು?" ಮಾಸ್ತರರು ಕೇಳಿದರು.

"ಒಂದು ಸಾಕ್ರಿ."

ಮಾಸ್ತರರು ಒಂದು ಕೊಡ ನೀರು ತುಂಬಿ ಅವಳ ಹೆಗಲಿಗಿಟ್ಟರು. ಊರ ಹಿಂದಿನ ಗುಡ್ಡದ ಕಡೆ ಬೆರಳು ತೋರಿದರು.

ಅವಳು ತಿರುಗಿ ಬಂದಾಗ ಹೊತ್ತು ನೆತ್ತಿಗೇರಿತ್ತು. ಕೂತವಳೇ ಒಂದನ್ನು ಅಳಿಸಿ ಮೂರು ಎಂದು ಬರೆದಳು.

ಅಂಥ ಪಾಠಗಳಲ್ಲಿ ಮೂರು ವರ್ಷ ಕಳೆಯಿತು.

ಒಂದು ದಿನ ಸುಬೇದಾರ್ ಯಮನೂರಪ್ಪ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಬೆನ್ನು ಇನ್ನೂ ಬಾಗಿರಲಿಲ್ಲ. ಅಂಗಿಯ ಒಳಗಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮಾಸ್ತರರ ಮುಂದೆ ಬಿಡಿಸಿದರು. ಪೆನ್ಸಿಲಿನಲ್ಲಿ ಬರೆದ ನಕಾಶೆ ಅದು. ಒಂದು ಹೊಳೆ, ಒಂದು ಸೇತುವೆ, ಈಚೆ ದಂಡೆಯಲ್ಲಿ ಮಕ್ಕಳು ಕಲಿಯುವ ಒಂದು ಸಾಲಿ.

"ಐವತ್ತು ವರ್ಷದ ಹಿಂದಿನ ಮಾತ್ರಿ. ಉತ್ತರದ ಗಡಿಯೊಳಗ ಲಡಾಯಿ ನಡದಿತ್ತು. ನಮ್ಮ ಸಾಹೇಬರು ಸತ್ತಿದ್ರು. ಹವಾಲ್ದಾರ ನಾನ, ನನ್ನ ಮಾತ ಹುಕುಂ. ಈ ಸಾಲಿಯೊಳಗ ಗಾಯ ಆದವರು ಇನ್ನೂರು ಮಂದಿ ಮಲಗಿದ್ರು. ಆಚೆ ದಂಡ್ಯಾಗ ನನ್ನ ಹುಡುಗರು ಹನ್ನೊಂದು ಮಂದಿ. ಅವರ ಬೆನ್ನಿಗೆ ವೈರಿ ಟ್ಯಾಂಕು."

ಅವರು ಸೇತುವೆಯ ಗೆರೆಯ ಮೇಲೆ ಬೆರಳಿಟ್ಟರು.

"ನಾ ಇದನ್ನ ಮದ್ದಿಟ್ಟು ಹಾರಿಸಿಬಿಟ್ಟೆ. ಹನ್ನೊಂದು ಮಂದಿ ಆಚೆಗೇ ಉಳದ್ರು."

ಅವರು ಹಾಳೆಯನ್ನು ಮಾಸ್ತರರ ಕಡೆ ಸರಿಸಿದರು.

"ನಿಮ್ಮ ಆಟದಾಗ ಯಾವ ಲಡಾಯಿ ಬೇಕಾದ್ರೂ ಕಟ್ಟಾಕ ಬರ್ತದಂತ ಕೇಳೀನ್ರಿ. ಆ ದಿನಾ ನನಗ ಇನ್ನೊಮ್ಮೆ ಆಡಬೇಕಾಗೈತಿ."

"ಯಾಕ?" ಮಾಸ್ತರರು ಕೇಳಿದರು.

"ಬ್ಯಾರೆ ದಾರಿ ಇತ್ತೋ ಇಲ್ಲೋ, ಗೊತ್ತಾಗಬೇಕ್ರಿ. ಸಾಯೂದ್ರಾಗ."

ಮಾಸ್ತರರು ಹಾಳೆಯನ್ನು ದಾಕ್ಷಾಯಣಿಗೆ ಕೊಟ್ಟರು.

"ಇದ್ದದ್ದು ಇಡು. ಇಲ್ಲದ್ದು ಇಡಬ್ಯಾಡ," ಎಂದರು.

ಅವಳು ಹಳೆಯ ಭೂಮಾಪನದ ನಕಾಶೆ ತರಿಸಿದಳು. ಹೊಳೆಯ ಅಗಲ, ರಸ್ತೆಯ ತಿರುವು, ಸಾಲಿಯ ದೂರ, ಎಲ್ಲವನ್ನೂ ಅಳೆದು ಇಟ್ಟಳು. ಸುಬೇದಾರರಿಗೆ ಫೋನು ಮಾಡಿ, ಅವತ್ತು ಮಂಜು ಎಷ್ಟು ಹೊತ್ತಿಗೆ ತಿಳಿಯಾಯಿತು ಎಂದು ಕೂಡ ಕೇಳಿದಳು. ಮೂರು ವಾರದಲ್ಲಿ ಸನ್ನಿವೇಶ ಸಿದ್ಧವಾಯಿತು.

ಕೊಡುವ ಮೊದಲು ತಾನೇ ಆಡಿ ನೋಡಿದಳು.

ಕಾದರೆ ಟ್ಯಾಂಕು ಸೇತುವೆ ದಾಟಿ ಸಾಲಿಯನ್ನು ತುಳಿಯುತ್ತಿತ್ತು. ಕಾಯದಿದ್ದರೆ ಹನ್ನೊಂದು ಮಂದಿ ಆಚೆಗೆ. ಬಲಗಡೆಯಿಂದ ನಡೆಸಿದಳು, ಎಡಗಡೆಯಿಂದ ನಡೆಸಿದಳು, ಓಡಿಸಿದಳು. ನಲವತ್ತು ಸಲ ಆಡಿದಳು. ಒಬ್ಬನೂ ದಾಟಲಿಲ್ಲ.

ಹನ್ನೊಂದು ಸಣ್ಣ ಬೊಂಬೆಗಳು ಪ್ರತಿಸಲವೂ ದಂಡೆಗೆ ಬಂದು ನಿಲ್ಲುತ್ತಿದ್ದವು, ನೀರಿನ ಕಡೆ ಮುಖ ಮಾಡಿಕೊಂಡು.

ನಲವತ್ತೊಂದನೆಯ ಸಲಕ್ಕೆ ಅವಳಿಗೆ ಆಗಲಿಲ್ಲ. ಎಡಿಟರ್ ತೆರೆದಳು. ಸೇತುವೆಯಿಂದ ಒಂದು ಮೈಲಿ ಮೇಲಕ್ಕೆ, ಜೊಂಡಿನ ಮರೆಯಲ್ಲಿ, ಹೊಳೆಯ ಎರಡು ಮನೆಗಳನ್ನು ಒತ್ತಿದಳು. ಆಳ ಎಂದಿದ್ದಲ್ಲಿ ಮೊಣಕಾಲುದ್ದ ಎಂದು ಬರೆದಳು.

ಹನ್ನೊಂದು ಮಂದಿ ದಾಟಿಬಂದರು.

ಮರುದಿನ ಸುಬೇದಾರರು ಬಂದು ಕೂತರು. ಮೂರು ಸಲ ಸೋತರು. ನಾಲ್ಕನೆಯ ಸಲ ಒಬ್ಬ ಸಿಪಾಯಿಯನ್ನು ಹೊಳೆಗುಂಟ ಮೇಲಕ್ಕೆ ಕಳಿಸಿದರು. ಅವನು ಜೊಂಡಿನೊಳಗೆ ಹೊಕ್ಕ. ನೀರಿಗಿಳಿದ. ಮುಳುಗಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಈಚೆಗೆ ಬಂದರು. ಸೇತುವೆ ಹಾರಿತು. ಸಾಲಿ ಉಳಿಯಿತು. ಪರದೆಯ ಮೇಲೆ ಗೆಲುವು ಎಂಬ ಪದ ಮೂಡಿತು.

ದಾಕ್ಷಾಯಣಿ ನಗುತ್ತ ಅವರ ಮುಖ ನೋಡಿದಳು.

ಸುಬೇದಾರರು ಕಣ್ಣಿನ ಚಾಳೀಸು ತೆಗೆದು ಕೆಳಗಿಟ್ಟರು.

"ದಾರಿ ಇತ್ತು," ಎಂದರು. "ಒಂದ ಮೈಲಿ. ನಾ ಯಾರನ್ನೂ ಕಳಿಸಿ ನೋಡಲಿಲ್ಲ."

ಚಹಾ ಬಂದಿತ್ತು. ಕುಡಿಯಲಿಲ್ಲ. ಎದ್ದು ಹೋದರು. ಬಾಗದ ಬೆನ್ನು ಅವತ್ತು ಬಾಗಿತ್ತು.

ಮಾಸ್ತರರು ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ಬಳಿಕ ಕೇಳಿದರು.

"ಇಲ್ಲಿ ನೀರು ಕಡಿಮಿ ಮಾಡಿದವರು ಯಾರು?"

"ನಾನ್ರಿ."

"ಯಾಕ?"

"ಕರುಣಾ ಬಂತ್ರಿ."

"ಯಾರ ಮ್ಯಾಲೆ?"

ಅವಳು ಸುಬೇದಾರರು ಕುಡಿಯದೆ ಬಿಟ್ಟ ಚಹಾದ ಕಡೆ ನೋಡಿದಳು.

"ನೋಡಾಕ ಆಗದ್ದು ನಿನಗ. ಆ ಭಾರ ನೀ ಇಳಿಸಿಕೊಂಡಿ. ಇಳಿಸಿದ್ದು ಎಲ್ಲಿ ಬಿತ್ತು, ಕಂಡ್ಯಾ?"

ದಾಕ್ಷಾಯಣಿ ಮರುದಿನವೇ ಬಸ್ಸು ಹತ್ತಿ ಸುಬೇದಾರರ ಊರಿಗೆ ಹೋದಳು. ಅವರು ಹೊರಸಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿನ್ನೆಯಿಂದ ಊಟ ಮುಟ್ಟಿಲ್ಲ ಎಂದು ಸೊಸೆ ಹೇಳಿದಳು.

"ಅಜ್ಜಾರ, ತಪ್ಪು ನಂದ್ರಿ. ಅಲ್ಲಿ ದಾರಿ ಇರಲಿಲ್ಲ. ಅದನ್ನ ಇಟ್ಟಾಕಿ ನಾನು."

ಅವರು ತಿರುಗಿ ಅವಳ ತಲೆಯ ಮೇಲೆ ಕೈಯಿಟ್ಟರು.

"ನಿನ್ನ ಮನಸು ಚೊಲೋ ಐತಿ, ಮಗಳ. ಮುದುಕಗ ಸಮಾಧಾನ ಹೇಳಾಕ ಬಂದಿ."

"ಸಮಾಧಾನ ಅಲ್ರಿ. ಖರೇನ."

"ಇರ್ಲಿ, ಹೋಗು."

ಅವಳು ಹಳೆಯ ನಕಾಶೆ ತೋರಿಸಿದಳು. ಅವರು ಅದರ ಕಡೆ ನೋಡಲೇ ಇಲ್ಲ.

ಅಳುತ್ತ ಗುರುವಿನ ಬಳಿ ಬಂದಳು.

"ಖರೇ ಹೇಳಿದ್ರೂ ನಂಬವಲ್ರು."

"ಒಮ್ಮೆ ಕರುಣೆಯಿಂದ ಸುಳ್ಳು ಹೇಳಿದಾಕಿ ನೀನು," ಮಾಸ್ತರರೆಂದರು. "ಇನ್ನ ನೀ ಖರೇ ಹೇಳಿದ್ರೂ ಅವರಿಗೆ ಕರುಣೆನ ಕೇಳಿಸ್ತದ."

"ಏನ್ ಮಾಡ್ಲ್ರಿ?"

ಮಾಸ್ತರರು ಕಂಪ್ಯೂಟರಿನ ತಂತಿ ಕಿತ್ತು ಸುತ್ತಿಟ್ಟರು.

"ಹೊಳಿ ಇನ್ನೂ ಅಲ್ಲೇ ಐತಿ," ಎಂದರು.

ಆ ಯುದ್ಧ ನಡೆದದ್ದು ಮಾರ್ಗಶಿರದಲ್ಲಿ. ಈ ಸಲದ ಮಾರ್ಗಶಿರ ಬಂದಾಗ ಅವಳು ಸುಬೇದಾರರನ್ನು ಕರೆದುಕೊಂಡು ಹೊರಟಳು. ಬರುವುದಿಲ್ಲ ಎಂದಿದ್ದರು. "ನಾ ತೋರಸ್ತೀನಿ ಅನ್ನೂದಿಲ್ಲ, ನೀವ ಹುಡಕ್ರಿ," ಎಂದಳು. ಆಗ ಎದ್ದರು.

ಮೂರು ದಿನ ರೈಲು. ಹೊಸ ಸೇತುವೆ ಎದ್ದಿತ್ತು. ಸಾಲಿ ಇದ್ದಲ್ಲಿ ಸಾಸಿವೆ ಹೊಲ. ಹೊಳೆ ಮಾತ್ರ ಹಾಗೇ ಇತ್ತು.

ಅವರು ದಂಡೆಗುಂಟ ಮೇಲಕ್ಕೆ ನಡೆದರು. ಒಂದು ಮೈಲಿ, ಎರಡು ಮೈಲಿ. ಸುಬೇದಾರರು ಹೆಜ್ಜೆಹೆಜ್ಜೆಗೂ ನಿಂತು ಬಿದಿರಿನ ಗಳವನ್ನು ನೀರಿಗಿಳಿಸುತ್ತಿದ್ದರು. ಗಳಕ್ಕೆ ತಳ ಸಿಗುತ್ತಿರಲಿಲ್ಲ.

ಜೊಂಡು ಬೆಳೆದ ಕಡೆ ಒಬ್ಬ ಮೀನುಗಾರ ಬಲೆ ಕಟ್ಟುತ್ತಿದ್ದ. ಅವನ ತಲೆಯೂ ನರೆತಿತ್ತು. ಸುಬೇದಾರರು ಹಿಂದಿಯಲ್ಲಿ ಕೇಳಿದರು.

"ಇಲ್ಲಿ ಕಾಲಿಂದ ದಾಟೋ ಜಾಗ ಇತ್ತೇನು? ಹಿಂದಿನ ಕಾಲದಾಗ?"

ಅವನು ನಕ್ಕ. "ಎಮ್ಮೆ ಮುಳುಗತಾವ ಇಲ್ಲಿ. ನಮ್ಮಪ್ಪನೂ ದಾಟಿಲ್ಲ, ಅವರಪ್ಪನೂ ದಾಟಿಲ್ಲ."

ಸುಬೇದಾರರು ನೀರನ್ನೇ ನೋಡುತ್ತ ನಿಂತರು. ಇನ್ನೂ ನಂಬಿದಂತಿರಲಿಲ್ಲ.

ದಾಕ್ಷಾಯಣಿ ಮೀನುಗಾರನ ಹಗ್ಗ ಕೇಳಿ ನಡುವಿಗೆ ಕಟ್ಟಿಕೊಂಡಳು. ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಯಾರೂ ಬೇಡ ಎನ್ನುವ ಮೊದಲೇ ಇಳಿದಳು.

ಮೊದಲ ಹೆಜ್ಜೆಗೆ ತೊಡೆ ಮುಳುಗಿತು. ಎರಡನೆಯದಕ್ಕೆ ಎದೆ. ಮೂರನೆಯ ಹೆಜ್ಜೆಗೆ ನೆಲ ಸಿಗಲಿಲ್ಲ. ಸೆಳವು ಅವಳನ್ನು ಬದಿಗೆ ಒಯ್ದಿತು.

ಸುಬೇದಾರರು ಕೂಗಿದರು. ಗಳ ಬಿಸಾಡಿ ಹಗ್ಗಕ್ಕೆ ಕೈಹಾಕಿದರು. ಇಬ್ಬರು ಮುದುಕರೂ ಸೇರಿ ಎಳೆದರು. ದಂಡೆಗೆ ಬಂದವಳು ನೀರು ಕಾರಿದಳು. ಹಲ್ಲು ಕಟಕಟ ಎನ್ನುತ್ತಿದ್ದವು.

ಸುಬೇದಾರರು ತಮ್ಮ ಕಂಬಳಿ ಅವಳಿಗೆ ಹೊದಿಸಿದರು. ಅಲ್ಲೇ ಕುಸಿದು ಕೂತರು.

"ದಾರಿ ಇರಲಿಲ್ಲ," ಎಂದರು.

"ಇರಲಿಲ್ರಿ, ಅಜ್ಜಾರ."

"ದಾರಿ ಇರಲಿಲ್ಲ. ಆದ್ರ ಅವರು ಇದ್ರು, ಮಗಳ."

ಆಮೇಲೆ, ಐವತ್ತು ವರ್ಷದಲ್ಲಿ ಮೊದಲ ಸಲ, ಆ ಹನ್ನೊಂದು ಹೆಸರುಗಳನ್ನು ಬಾಯಿಬಿಟ್ಟು ಹೇಳಿದರು. ನೀರಿನ ಕಡೆ ಮುಖಮಾಡಿ, ಹಾಜರಿ ಕರೆದ ಹಾಗೆ. ಒಂದೊಂದು ಹೆಸರಾದ ಮೇಲೂ ಸ್ವಲ್ಪ ತಡೆದರು. ಕೊನೆಯ ಹೆಸರಿಗೆ ದನಿ ಒಡೆಯಿತು. ಬಹಳ ಹೊತ್ತು ಅತ್ತರು.

ಸಂಜೆ ಮೀನುಗಾರನ ಮನೆಯಲ್ಲಿ ಎರಡು ರೊಟ್ಟಿ ತಿಂದರು.

ದಾಕ್ಷಾಯಣಿ ಊರಿಗೆ ಮರಳಿದಳು. ಮಾಸ್ತರರ ಕಾಲು ಮುಟ್ಟಿ ನಡೆದದ್ದನ್ನು ಹೇಳಿದಳು. ಅವರು ತಂತಿ ಬಿಚ್ಚಿ ಕಂಪ್ಯೂಟರಿಗೆ ಹಚ್ಚಿದರು.

ಅವಳು ಎಡಿಟರ್ ತೆರೆದು ಆ ಎರಡು ಮನೆಗಳನ್ನು ಮತ್ತೆ ಆಳ ಮಾಡಿದಳು. ಹನ್ನೊಂದು ಬೊಂಬೆಗಳ ಕೆಳಗೆ ಹನ್ನೊಂದು ಹೆಸರು ಬರೆದಳು. ಆಮೇಲೆ ಅವಳ ಕೈ ನಿಂತಿತು.

"ಮಾಸ್ತರ, ಇದನ್ನ ಯಾರೂ ಗೆಲ್ಲಾಕ ಆಗೂದಿಲ್ಲ."

"ಇಲ್ಲ."

"ಸುಬೇದಾರರಿಗೂ ಇನ್ನ ಇದು ಬ್ಯಾಡ. ಅಳಿಸಿಬಿಡ್ಲ್ಯಾ?"

"ಬ್ಯಾಡ. ಎಲ್ಲಾರಿಗೂ ಕೊಡು."

"ಗೆಲ್ಲಾಕ ಬರದ ಆಟ ಆಡಾಕ ಯಾರು ಬರ್ತಾರ್ರಿ? ಬಂದರ ಏನು ಸಿಗ್ತದ ಅವರಿಗೆ?"

ಮಾಸ್ತರರು ಪರದೆಯ ಮೇಲಿನ ಸೇತುವೆಯನ್ನು ನೋಡುತ್ತ ಹೇಳಿದರು:

"ಐವತ್ತು ವರ್ಷ ಸುಬೇದಾರರು ಒಬ್ಬರ ಅಲ್ಲಿ ನಿಂತಾರ. ಯಾರರ ಬಂದು ಬಾಜೂಕ ನಿಂದ್ರಲಿ."